ಹತ್ತು ನಿಮಿಷದ ಟೀ

ನನ್ನ ಅಕ್ಕನ ಗಂಡ ಇಪ್ಪತ್ತೊಂದು ವರ್ಷದಿಂದ ಆಂಬುಲೆನ್ಸ್ ಓಡಿಸುತ್ತಿದ್ದಾರೆ. ಮನೆಯಲ್ಲಿ ಉಂಡ ತಟ್ಟೆಯನ್ನೂ ಎತ್ತದ ಮನುಷ್ಯ, ಗಾಡಿಯ ವಿಷಯಕ್ಕೆ ಬಂದರೆ ಮಾತ್ರ ಮಹಾ ಶಿಸ್ತು. ಒಬ್ಬ ರೋಗಿಯನ್ನು ಇಳಿಸಿದ ಮೇಲೆ ಒಳಗಿನ ನೆಲಕ್ಕೆ ಫಿನಾಯಿಲ್ ಹಾಕಿ ತೊಳೆದು, ಹಿಂದಿನ ಬಾಗಿಲು ತೆರೆದಿಟ್ಟು ಹತ್ತು ನಿಮಿಷ ಒಣಗಿಸದೆ ಇನ್ನೊಬ್ಬರನ್ನು ಹತ್ತಿಸಿದವರಲ್ಲ. ಅಷ್ಟರಲ್ಲಿ ಕರೆ ಬಂದರೆ ಪಕ್ಕದ ಗಾಡಿಯವನು ಹೋಗುತ್ತಿದ್ದ, ಅವರ ಸರದಿಯೇ ಹಾಗೆ. "ಒಬ್ಬರ ರಕ್ತ ಇನ್ನೊಬ್ಬರ ಮೈಗೆ ತಾಗಬಾರದು ಕಣಯ್ಯ" ಅನ್ನುತ್ತಿದ್ದರು. ಆ ಹತ್ತು ನಿಮಿಷ ಬಾಗಿಲಿಗೆ ಒರಗಿ ನಿಂತು ಒಂದು ಲೋಟ ಟೀ ಕುಡಿಯುತ್ತಿದ್ದರು. ಅವರ ಜೀವನದಲ್ಲಿ ನಾನು ಕಂಡ ಮೋಜು ಅಷ್ಟೇ.

ಯಾವನೋ ಪುಣ್ಯಾತ್ಮ ಅದನ್ನು ಹಿಂದಿನಿಂದ ವಿಡಿಯೊ ಮಾಡಿದ. ಸಂಜೆಗೆ ಟಿವಿಯಲ್ಲಿ ಬಂತು. ಸ್ಟ್ರೆಚರ್ ಮೇಲೆ ಸುರುಳಿ ಸುತ್ತಿಟ್ಟಿದ್ದ ಕಂಬಳಿಗೆ ಕೆಂಪು ವೃತ್ತ ಎಳೆದು, 'ಒಳಗೆ ನರಳುತ್ತಿರುವ ಜೀವ, ಹೊರಗೆ ಟೀ ರಾಕ್ಷಸ' ಎಂದು ಕೋಟು ತೊಟ್ಟ ನಿರೂಪಕ ಗಂಟಲು ಹರಿದುಕೊಂಡ. ಚರ್ಚೆಗೆ ಬಂದಿದ್ದ, ಕೂದಲು ಉದುರುವುದಕ್ಕೆ ಎಣ್ಣೆ ಮಾರುವ ಡಾಕ್ಟರೊಬ್ಬರು ಕಂಬಳಿಗೆ ಹೃದಯದ ತೊಂದರೆ ಇರಬಹುದೆಂದರು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಇಪ್ಪತ್ತು ವರ್ಷದಿಂದ ಆ ಟೀ ಮಾರಿದ ಅಂಗಡಿಯವನೂ ಕ್ಯಾಮೆರಾ ಕಂಡದ್ದೇ ತಲೆ ಬಾಚಿಕೊಂಡು ಬಂದು, "ಇವರು ದಿನಾ ಹಿಂಗೇ ನಿಂತು ಕುಡೀತಾರೆ ಸಾರ್" ಅಂದ.

ನಾನೇನು ಸಾಚಾ ಅಲ್ಲ. ವಿಡಿಯೊದಲ್ಲಿ ಬೆನ್ನು ಮಾತ್ರ ಕಾಣುತ್ತಿತ್ತು. 'ಇಂಥವನನ್ನ ಒದ್ದು ಓಡಿಸಬೇಕು' ಎಂದು ಬರೆದು ಅದನ್ನು ನೆಂಟರ ವಾಟ್ಸಾಪ್ ಗುಂಪಿಗೆ ಕಳಿಸಿದೆ. ಕಳಿಸಿದ ಮೇಲೆ ಆ ಅಂಗಿಯ ತೇಪೆ ಕಣ್ಣಿಗೆ ಬಿತ್ತು. ಬಿಳಿ ಅಂಗಿಗೆ ನೀಲಿ ದಾರ, ನನ್ನ ಅಕ್ಕನದೇ ಸೋಮಾರಿ ಹೊಲಿಗೆ. ತಕ್ಷಣ ಅಳಿಸಿದೆ. ಅಷ್ಟರಲ್ಲಿ ಕೆಳಗೆ ಹನ್ನೊಂದು ಚಪ್ಪಾಳೆ ಬಿದ್ದಿದ್ದವು. ಭಾವ ನೋಡಿರಲಿಕ್ಕಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹೇಡಿಗಳಿಗೆ ಇಂಥ ಸಮಾಧಾನಕ್ಕೇನೂ ಬರವಿಲ್ಲ.

ಆರು ವಾರ ಅವರನ್ನು ಕೆಲಸದಿಂದ ಹೊರಗಿಟ್ಟರು. ಅಕ್ಕ ಅಂಗಡಿಗೆ ಹೋಗುವುದನ್ನೇ ಬಿಟ್ಟಳು. ಭಾವ ಮನೆಯಲ್ಲಿ ಕೂತು ತಾವು ಉಂಡ ತಟ್ಟೆ ತಾವೇ ತೊಳೆಯತೊಡಗಿದರು, ಅದನ್ನು ನೋಡುವುದೇ ಕಷ್ಟವಾಗುತ್ತಿತ್ತು. ಕೊನೆಗೆ ಆಸ್ಪತ್ರೆಯವರು ರಿಜಿಸ್ಟರ್ ತೆಗೆದು ನೋಡಿದರೆ, ಆ ಹೊತ್ತಿಗೆ ಗಾಡಿಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಕೆಲಸಕ್ಕೆ ವಾಪಸ್ ಕರೆದರು. ಟಿವಿಯವರು ತಪ್ಪಾಯಿತು ಅಂದರೇ ಎಂದು ಕೇಳಬೇಡಿ. ಅವರು ಆಗ ಒಬ್ಬ ಮೇಷ್ಟ್ರ ಚರ್ಮ ಸುಲಿಯುವುದರಲ್ಲಿ ತೊಡಗಿದ್ದರು.

ಹೋದ ತಿಂಗಳು ನನ್ನ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಳು, ಮೊಣಕೈ ಚರ್ಮವೂ ಕಿತ್ತು ಹೋಗಿತ್ತು. ಫೋನು ಮಾಡಿದ ಆರೇ ನಿಮಿಷಕ್ಕೆ ಭಾವ ಗಾಡಿ ತಂದು ನಿಲ್ಲಿಸಿದರು.

"ನೋಡಿದ್ರಾ, ಈಗ ಎಷ್ಟು ಚುರುಕಾಗಿದಾರೆ" ಎಂದರು ಪಕ್ಕದ ಮನೆಯಾಕೆ. "ಟಿವಿಯವರು ಬುದ್ಧಿ ಕಲಿಸಿದ್ದು ಒಳ್ಳೇದೇ ಆಯ್ತು."

ಸ್ಟ್ರೆಚರ್ ಪಕ್ಕ ಕೂತೆ. ಗಾಡಿ ಹೊರಟಿತು. ಕಾಲು ಎತ್ತಿದರೆ ಚಪ್ಪಲಿ ನೆಲಕ್ಕೆ ಅಂಟಿಕೊಳ್ಳುತ್ತಿತ್ತು. ಬಗ್ಗಿ ನೋಡಿದೆ. ಯಾರದೋ ರಕ್ತ, ಅರ್ಧ ಒಣಗಿತ್ತು.

"ಭಾವ, ತೊಳೀಲಿಲ್ವಾ?"

"ತೊಳೆದು ಒಣಗಿಸೋಕೆ ಹತ್ತು ನಿಮಿಷ ನಿಲ್ಲಬೇಕು" ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ನಿಂತ್ರೆ ಯಾರಾದ್ರೂ ವಿಡಿಯೊ ಮಾಡ್ತಾರೆ. ನೀನು ನೆಂಟರ ಗುಂಪಿಗೆ ಕಳಿಸ್ತೀಯ."

ನಾನು ಅಂಟಿದ ಚಪ್ಪಲಿ ಕಿತ್ತು ಕಾಲು ಹಿಂದಕ್ಕೆ ಎಳೆದುಕೊಂಡೆ.

"ಅತ್ತೆ ಕೈ ಜೋತು ಬಿದ್ದು ನೆಲಕ್ಕೆ ತಾಗದ ಹಾಗೆ ಹಿಡ್ಕೊ" ಎಂದರು.

ಆಸ್ಪತ್ರೆ ಬರುವವರೆಗೂ ಅಮ್ಮನ ಕೈಯನ್ನು ಎತ್ತಿ ಹಿಡಿದುಕೊಂಡೇ ಕೂತಿದ್ದೆ.