ಬಾಯಿಬಡುಕನ ವಾಕಿಟಾಕಿ

ಪೊದೆಗೆ ನುಗ್ಗಿ, ಕೂಗಾಡಿ, ಕಾಡುಹಂದಿಗಳನ್ನು ಕೋವಿಯವರ ಕಡೆ ಓಡಿಸುವುದು ಅವನ ಕಸುಬು. ಎಲ್ಲರೂ ಅವನನ್ನು ಬಾಯಿಬಡುಕ ಅನ್ನುತ್ತಿದ್ದರು. ಕೈಗೆ ವಾಕಿಟಾಕಿ ಬಂದಮೇಲಂತೂ ಹೆಂಡತಿಯ ಸೊಂಟನೋವಿನಿಂದ ಹಿಡಿದು ಹರಿದ ಚಪ್ಪಲಿಯವರೆಗೆ ಎಲ್ಲವನ್ನೂ ಅದರಲ್ಲೇ ಕೊರೆಯುತ್ತಿದ್ದ.

"ಇವನ ಬಾಯಿ ಮುಚ್ಚಿಸಯ್ಯಾ, ತಲೆ ಚಿಟ್ಟು ಹಿಡಿಸಿದಾನೆ," ಅಂತ ಬೇಟೆಗಾರರ ಯಜಮಾನ ಆ ಸೆಟ್ಟನ್ನು ನನ್ನ ರಿಪೇರಿ ಅಂಗಡಿಗೆ ತಂದ. ಒತ್ತಿ ಮಾತಾಡುವ ಗುಂಡಿಯ ತಂತಿಯನ್ನು ಒಳಗೇ ಕತ್ತರಿಸಿಕೊಟ್ಟೆ. ಅವರ ಮಾತು ಅವನಿಗೆ ಕೇಳುತ್ತೆ, ಅವನದು ಯಾರಿಗೂ ಕೇಳಲ್ಲ. ಅವನಿಗೆ ಯಾರೂ ಹೇಳಲಿಲ್ಲ.

"ಈಗ ಎಲ್ಲರೂ ಕಿವಿಗೊಟ್ಟು ಕೇಳ್ತಾರೆ, ಮಧ್ಯೆ ಒಬ್ಬನೂ ಬಾಯಿ ಹಾಕಲ್ಲ," ಅಂತ ನನ್ನ ಮುಂದೆಯೇ ಬೀಗಿದ. ನಾನು ನಗು ನುಂಗಿಕೊಂಡೆ.

ಅದೇ ತಿಂಗಳು ಹಂದಿಯೊಂದು ಅವನ ತೊಡೆ ಸೀಳಿತು. ಕೂಗಳತೆ ಮೀರಿದ ಹಳ್ಳದಲ್ಲಿ ಬಿದ್ದಿದ್ದ. ಬೇಟೆಗಾರರು ತಮ್ಮ ತಮ್ಮ ಅಟ್ಟಣೆಗಳಲ್ಲಿ ಕೂತು, "ಬಾಯಿಬಡುಕ ಎಲ್ಲಿ ಗೊರಕೆ ಹೊಡೀತಿದಾನೋ" ಅಂತ ವಾಕಿಟಾಕಿಯಲ್ಲಿ ನಗುತ್ತಿದ್ದರು. ಅದೆಲ್ಲ ಅವನಿಗೆ ಕೇಳಿಸಿರಬೇಕು. ಹೆಣ ಸಿಕ್ಕಾಗ ಹೆಬ್ಬೆರಳು ಗುಂಡಿಯ ಮೇಲೇ ಸೆಟೆದಿತ್ತಂತೆ.

ಮುಂದಿನ ವಾರ ಯಜಮಾನ ಅದೇ ಸೆಟ್ಟನ್ನು ನನ್ನ ಮೇಜಿನ ಮೇಲಿಟ್ಟ. "ರಕ್ತ ಒರೆಸಿ ಹೊಸ ಬ್ಯಾಟರಿ ಹಾಕು. ಅವನ ತಮ್ಮನ್ನ ಕೆಲಸಕ್ಕಿಟ್ಕೊಂಡಿದೀವಿ. ತಂತಿ ಮುಟ್ಟಬೇಡ, ಅವನೂ ಬಾಯಿಬಡುಕನೇ."

ನಾನು ಮುಟ್ಟಲಿಲ್ಲ.