ಎರಡು ಬೆಣೆ, ಎರಡು ಕಾಲು

ಆ ಎರಡು ಮರದ ಬೆಣೆಗಳನ್ನು ಎತ್ತಿ ಕೊಟ್ಟವನು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಬರೀ ತಮಾಷೆಯಾಗಿ ಕಾಣುತ್ತದೆ.

ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಹೌಸಿಂಗ್ ಸೊಸೈಟಿಗೆ ಬೇಸಿಗೆಯಲ್ಲಿ ನೀರು ಸಾಲುತ್ತಿರಲಿಲ್ಲ. ಟ್ಯಾಂಕರಿನವರ ಹಿಂದೆ ಅಲೆದು ಸಾಕಾದ ಕಮಿಟಿಯವರು ಕಲ್ಯಾಣದಾಚೆಯ ರೈತನೊಬ್ಬನಿಂದ ಹಳೆಯ ಟ್ರ್ಯಾಕ್ಟರನ್ನೂ ಒಂದು ನೀರಿನ ಟ್ಯಾಂಕನ್ನೂ ಕೊಂಡರು. ನಲವತ್ತು ಮನೆಗಳಲ್ಲಿ ಯಾರಿಗೂ ಹೊಲವಿರಲಿಲ್ಲ, ಎಲ್ಲರಿಗೂ ಸೇರಿ ಒಂದು ಟ್ರ್ಯಾಕ್ಟರ್ ಇತ್ತು. ವಾಚ್‌ಮನ್ನೇ ಅದರ ಡ್ರೈವರ್.

ಎರಡನೆಯ ಬೇಸಿಗೆಗೆ ಅದು ಮುಷ್ಕರ ಹೂಡಿತು. ತುಂಬಿದ ಟ್ಯಾಂಕು ಎಳೆದುಕೊಂಡು ಗೇಟಿನ ಏರಿಗೆ ಬಂದರೆ ಎಂಜಿನ್ ಗರ್ಜಿಸುತ್ತಿತ್ತು, ಹೊಗೆ ಮೂರನೇ ಮಹಡಿ ಮುಟ್ಟುತ್ತಿತ್ತು, ಚಕ್ರ ಮಾತ್ರ ಮಿಸುಕುತ್ತಿರಲಿಲ್ಲ.

"ಡೀಸೆಲ್‌ನಾಗ ನೀರು ಸೇರೇತ್ರಿ," ಎಂದರು ಧಾರವಾಡದ ಕಡೆಯ ಸೆಕ್ರೆಟರಿ.

"ನೀರು ತರುವ ಗಾಡಿ ಅಲ್ವಾ ಮಾರಾಯ್ರೆ, ಸ್ವಲ್ಪ ಅದರ ಹೊಟ್ಟೆಗೂ ಹೋಗಿರ್ತದೆ," ಎಂದರು ನೆಲಮಹಡಿಯ ಅಕ್ಕ. ಅವರು ಉಡುಪಿಯವರು. ಸೊಸೈಟಿಯ ಪೂಜೆ, ಪ್ರಸಾದ, ಪಂಚಾಯ್ತಿ ಎಲ್ಲವೂ ಅವರದೇ.

ಕೊನೆಗೆ ಉಲ್ಹಾಸನಗರದಿಂದ ಟ್ರ್ಯಾಕ್ಟರ್ ರಿಪೇರಿ ಮಾಡುವ ಒಬ್ಬ ಮಿಸ್ತ್ರಿ ಬಂದ. ವಿಜಯಪುರದ ಕಡೆಯವನು, ಕನ್ನಡ ಕೇಳಿ ಅರಳಿದ. ವಾಚ್‌ಮನ್ನನನ್ನು ಸೀಟಿನಲ್ಲಿ ಕೂರಿಸಿ ಹೇಳಿದ: "ದೊಡ್ಡ ಗೇರ್ ಹಾಕು, ಬ್ರೇಕ್ ಗಟ್ಟಿ ತುಳಿ, ಕ್ಲಚ್ ಸಾವಕಾಶ ಬಿಡು. ಎಂಜಿನ್ ಸತ್ರ ಕ್ಲಚ್ ಬದುಕೇತಿ. ಎಂಜಿನ್ ಬದುಕಿದ್ರ ಕ್ಲಚ್ ಸತ್ತೇತಿ."

ಎಂಜಿನ್ ಏನೂ ಆಗಿಲ್ಲವೆಂಬಂತೆ ಬಡಬಡಿಸುತ್ತಲೇ ಇತ್ತು. ಮಿಸ್ತ್ರಿ ವಾಚ್‌ಮನ್ನನ ಎಡಗಾಲು ನೋಡಿದ. ಅದು ಕ್ಲಚ್ ಪೆಡಲಿನ ಮೇಲೆ ಮಣೆಯ ಮೇಲೆ ಇಟ್ಟಂತೆ ಆರಾಮಾಗಿ ಕೂತಿತ್ತು.

"ಹಿಂಗ ಕಾಲು ಇಟ್ಕೊಂಡ ಓಡಿಸಿದ್ರ ಪ್ಲೇಟ್ ಜಾರಿ ಜಾರಿ ಸವೀತದ ತಮ್ಮಾ. ಇದು ಪೆಡಲ್, ನಿನ್ನ ಹಾಸಿಗಿ ಅಲ್ಲ."

ಸವೆದ ಕ್ಲಚ್ ಪ್ಲೇಟು ಬದಲಿಸಲು ಟ್ರ್ಯಾಕ್ಟರನ್ನು ನಡುವೆ ಬಿಡಿಸಿ ಎರಡು ಮಾಡಬೇಕು. ಎಂಜಿನ್ನೂ ಮುಂದಿನ ಚಕ್ರಗಳೂ ಒಂದು ಕಡೆ, ಗೇರುಪೆಟ್ಟಿಗೆಯೂ ದೊಡ್ಡ ಚಕ್ರಗಳೂ ಇನ್ನೊಂದು ಕಡೆ. ಕಟ್ಟಡದ ಕೆಳಗಿನ ಪಾರ್ಕಿಂಗ್‌ನಲ್ಲೇ ಶನಿವಾರ ಈ ಕೆಲಸ ಶುರುವಾಯಿತು. ಮುಂದಿನ ಅರ್ಧ ಪಕ್ಕದವರ ಜಾಗಕ್ಕೆ ಹೋಗಿದ್ದನ್ನು ನೋಡಿ ಸೆಕ್ರೆಟರಿ, "ಒಂದ ಗಾಡಿಗೆ ಎರಡ ಪಾರ್ಕಿಂಗ್ ಹ್ಯಾಂಗ್ ಕೊಡೂದ್ರಿ?" ಎಂದು ತಕರಾರು ತೆಗೆದರು. "ನಾಳಿ ಮತ್ತ ಒಂದ ಮಾಡ್ತೀನ್ರಿ ಸಾಹೇಬ್ರ," ಎಂದ ಮಿಸ್ತ್ರಿ.

ನಾನು ಭೌತಶಾಸ್ತ್ರ ಓದಿ ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವನು. ಆದ್ದರಿಂದ ಮೇಲ್ವಿಚಾರಣೆ ನನ್ನದು ಎಂದು ಕಮಿಟಿ ತೀರ್ಮಾನಿಸಿತ್ತು. ಮೇಲ್ವಿಚಾರಣೆ ಎಂದರೆ ಟಾರ್ಚು ಹಿಡಿಯುವುದು.

ಟ್ರ್ಯಾಕ್ಟರಿನ ಮುಂದಿನ ಅಚ್ಚು ನಡುವೆ ಒಂದೇ ಕೀಲಿನ ಮೇಲೆ ತೂಗುತ್ತದೆ, ಹೊಲದ ಏರುತಗ್ಗಿಗೆ ಚಕ್ರಗಳು ಹೊಂದಿಕೊಳ್ಳಲಿ ಎಂದು. ಹಿಂದಿನ ಅರ್ಧ ಬೇರೆಯಾದರೆ ಎಂಜಿನ್ ಯಾವ ಕಡೆಗೂ ವಾಲಬಹುದು. ವಾಲದಂತೆ ಅಚ್ಚಿನ ಮೇಲೆ ಎಡಕ್ಕೊಂದು ಬಲಕ್ಕೊಂದು ಮರದ ಬೆಣೆ ಹೊಡೆಯುತ್ತಾರೆ. ಭಾನುವಾರ ಬೆಳಿಗ್ಗೆ ಹೊಸ ಪ್ಲೇಟು ಕೂರಿಸಿದ ಮಿಸ್ತ್ರಿ, ಎರಡೂ ಅರ್ಧಗಳ ಮುಖ ಹೊಂದಿಸಲು ಆ ಬೆಣೆಗಳನ್ನು ತೆಗೆದು ನನ್ನ ಕಾಲ ಬಳಿ ಇಟ್ಟ. ಎಂಜಿನ್ ಕೆಳಗೆ ಒಂದು ಜಾಕು ಮಾತ್ರ ಉಳಿಯಿತು.

"ಸಾಹೇಬ್ರ, ಇವೆರಡು ಬೆಣಿ ಅಂದ್ರ ನನ್ನ ಎರಡು ಕಾಲು ಇದ್ಹಂಗ. ಕೇಳಿದ ಕೂಡಲೆ ಕೊಡ್ರಿ," ಎಂದು ಎಂಜಿನ್ ಕೆಳಗೆ ಕಾಲು ಚಾಚಿ ಕೂತ.

ಅದೇ ಭಾನುವಾರ ಸೊಸೈಟಿಯ ವರ್ಷದ ಸತ್ಯನಾರಾಯಣ ಪೂಜೆ. ಅದೇ ಪಾರ್ಕಿಂಗ್‌ನಲ್ಲಿ, ಇಪ್ಪತ್ತು ಹೆಜ್ಜೆ ಆಚೆ. ನೀರು ಹರಿಯಲೆಂದು ನೆಲ ಮೋರಿಯ ಕಡೆಗೆ ಇಳಿಜಾರು, ಪೂಜೆಯ ಮೇಜು ಓಲಾಡುತ್ತಿತ್ತು. ಅಕ್ಕ ಓಡಿ ಬಂದರು.

"ಮಗಾ, ಆ ಎರಡು ತುಂಡು ಕೊಡು. ಕಲಶ ಜಾರ್ತಾ ಉಂಟು. ಐದೇ ನಿಮಿಷ."

ಹಿರಿಯರು, ದೇವರ ಕೆಲಸ. ನಾನು ಬಗ್ಗಿ ಎತ್ತಿ ಕೊಟ್ಟೆ. ಗುರುತ್ವ ಕೇಂದ್ರದ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಬರೆದ ಕೈ ಅದು.

"ಬೆಣಿ ಕೊಡ್ರಿ," ಎಂದ ಮಿಸ್ತ್ರಿ.

ನನ್ನ ಕೈಯಲ್ಲಿ ಟಾರ್ಚು ಮಾತ್ರ ಇತ್ತು. ಅಷ್ಟರಲ್ಲಿ ಬಾಗಿಲು ಕಿರುಗುಟ್ಟಿದಂಥ ಸದ್ದಾಯಿತು. ಎಂಜಿನ್ ನಿಧಾನವಾಗಿ ನನ್ನ ಕಡೆಗೆ ವಾಲಿತು, ಜಾಕು ಓರೆಯಾಯಿತು. ಮಿಸ್ತ್ರಿಯ ಎರಡೂ ಕಾಲು ಜಾಕಿಗೂ ಎಂಜಿನ್ನಿಗೂ ನಡುವೆ ಸಿಕ್ಕಿಕೊಂಡವು. ನಾನು ಟಾರ್ಚು ಬಿಸಾಡಿ ಭುಜ ಕೊಟ್ಟೆ. ಕಿರುಚಿದೆನಂತೆ, ನನಗೆ ನೆನಪಿಲ್ಲ. ಸೆಕ್ರೆಟರಿ, ವಾಚ್‌ಮನ್, ರೇಷ್ಮೆ ಪಂಚೆಯ ನಾಲ್ಕಾರು ಗಂಡಸರು ಬಂದು ನನ್ನ ಪಕ್ಕದಲ್ಲಿ ಒತ್ತಿ ನಿಂತರು. ಎಂಜಿನ್ ಅಲ್ಲಿಗೇ ನಿಂತಿತು. ನೇರ ಮಾಡಲು ನಮಗೆ ಬಲವಿರಲಿಲ್ಲ, ಬಿಡಲು ಧೈರ್ಯವಿರಲಿಲ್ಲ.

"ಕಾಲು ಜಗ್ಗಿದ್ರ ಜಾಕ್ ಹಾರ್ತದ," ಎಂದ ಮಿಸ್ತ್ರಿ, ಹಲ್ಲು ಕಚ್ಚಿ. "ಏನರ ತಂದು ಬೆಣಿ ಹೊಡೀರಿ ಮೊದಲ."

ಮನೆಮನೆಯಿಂದ ಸಾಮಾನು ಬಂತು. ಕ್ರಿಕೆಟ್ ಬ್ಯಾಟು ದಪ್ಪವಾಯಿತು. ಲಟ್ಟಣಿಗೆ ಉರುಳಿ ಹೋಯಿತು. ಸೆಕ್ರೆಟರಿ ಯಾರಿಗೂ ತೋರಿಸದೆ ಬೀರುವಿನಲ್ಲಿಟ್ಟಿದ್ದ ಸೊಸೈಟಿ ನಿಯಮಗಳ ಪುಸ್ತಕವನ್ನು ಅಂದು ಮೊದಲ ಬಾರಿಗೆ ನೋಡಿದೆವು. ಅದು ಒಂದೇ ಕ್ಷಣದಲ್ಲಿ ಹಪ್ಪಳವಾಯಿತು.

"ಬೆಣೆ ಮೇಜಿನ ಕೆಳಗಿದೆ!" ಎಂದು ನಾನು ಕೂಗಿದೆ.

"ನಾಲ್ಕನೇ ಅಧ್ಯಾಯ ನಡೀತಿದೆ," ಎಂದರು ಭಟ್ಟರು ಆ ಕಡೆಯಿಂದ. "ಮಂಗಳಾರತಿ ಆಗೋವರೆಗೆ ಕಲಶ ಅಲುಗಬಾರದು."

"ಎಷ್ಟೊತ್ತಾಗ್ತದ್ರಿ ಭಟ್ರ?" ಎಂದು ಮಿಸ್ತ್ರಿಯೇ ಮರ್ಯಾದೆಯಿಂದ ಕೇಳಿದ.

"ಬೇಗ ಓದಿದರೆ ಇಪ್ಪತ್ತು ನಿಮಿಷ."

ಅಕ್ಕ ಸೆರಗು ಸಿಕ್ಕಿಸಿಕೊಂಡರು. "ನಾಲ್ಕು ಜನ ಬನ್ನಿ, ಮೇಜಿನ ಕಾಲು ಹಿಡ್ಕೊಳ್ಳಿ. ಕಲಶವೂ ಅಲುಗುವುದು ಬೇಡ, ಅವನ ಕಾಲೂ ಹೋಗುವುದು ಬೇಡ. ಭಟ್ರೆ, ನೀವು ಓದಿ."

ಈಗಲೂ ಕಣ್ಣು ಮುಚ್ಚಿದರೆ ಅದೇ ಕಾಣುತ್ತದೆ. ಇಲ್ಲಿ ಗಂಡಸರೆಲ್ಲ ಅರ್ಧ ಟ್ರ್ಯಾಕ್ಟರಿಗೆ ಭುಜ ಕೊಟ್ಟು ನಿಂತಿದ್ದೇವೆ, ಅಲ್ಲಿ ಹೆಂಗಸರು ಮಂಡಿಯೂರಿ ದೇವರ ಮೇಜನ್ನು ಅಂಗೈಯಲ್ಲಿ ಹೊತ್ತಿದ್ದಾರೆ, ನಡುವೆ ಭಟ್ಟರು ಲೋಕಲ್ ಟ್ರೈನಿನ ವೇಗದಲ್ಲಿ ಕಥೆ ಓದುತ್ತಿದ್ದಾರೆ. ಅಕ್ಕ ಕುಂಕುಮ ಹತ್ತಿದ ಬೆಣೆ ಹಿಡಿದು ಓಡಿ ಬಂದರು. ವಾಚ್‌ಮನ್ ಸುತ್ತಿಗೆ ಎತ್ತಿದ. ಒಂದೊಂದು ಏಟಿಗೂ ಎಂಜಿನ್ ಕೂದಲೆಳೆಯಷ್ಟು ನೆಟ್ಟಗಾಯಿತು. ಹನ್ನೊಂದನೆಯ ಏಟಿಗೆ ಮಿಸ್ತ್ರಿ ಕಾಲು ಎಳೆದುಕೊಂಡ. ಚರ್ಮ ಕಿತ್ತಿತ್ತು, ಮೂಳೆ ಉಳಿದಿತ್ತು. ಕೂತಲ್ಲೇ ಹತ್ತೂ ಬೆರಳು ಅಲ್ಲಾಡಿಸಿ ನೋಡಿದ. ಆಮೇಲೆ ಕಪ್ಪು ಕೈಯಲ್ಲೇ ಎರಡು ಸಲ ಪ್ರಸಾದದ ಶಿರಾ ಹಾಕಿಸಿಕೊಂಡು ತಿಂದ.

ಕುಂಟುತ್ತಲೇ ಸಂಜೆಯೊಳಗೆ ಟ್ರ್ಯಾಕ್ಟರನ್ನು ಒಂದು ಮಾಡಿದ. ಪರೀಕ್ಷೆಗೆ ವಾಚ್‌ಮನ್ನನ ಕಾಲು ಬೇಡವೆಂದು ನನ್ನನ್ನು ಸೀಟಿಗೆ ಹತ್ತಿಸಿದ. ದೊಡ್ಡ ಗೇರು, ಗಟ್ಟಿ ಬ್ರೇಕು.

"ಕ್ಲಚ್ ಬಿಡ್ರಿ."

ನನ್ನ ಕಾಲು ಪೆಡಲಿನಿಂದ ಏಳಲಿಲ್ಲ.

"ಕಾಲು ತಗೀರಿ ಸಾಹೇಬ್ರ! ಓದಿದವರ ಕಾಲೂ ಹಿಂಗ ಕುಂತ್ರ ಹ್ಯಾಂಗ?"

ಕೈಯಿಂದ ಮಂಡಿ ಹಿಡಿದು ಎತ್ತಿದೆ. ಎಂಜಿನ್ ಒಮ್ಮೆ ಕೆಮ್ಮಿ ಸತ್ತಿತು, ಕ್ಲಚ್ ಬದುಕಿತು. ಇಡೀ ಸೊಸೈಟಿ ಚಪ್ಪಾಳೆ ತಟ್ಟಿತು. ಆ ಗದ್ದಲ ಇಳಿದ ಮೇಲೆ ಹೇಳಿದೆ: "ಬೆಣೆ ಕೊಟ್ಟವನು ನಾನು."

"ಗೊತ್ತೇತ್ರಿ," ಎಂದ ಮಿಸ್ತ್ರಿ, ಕುಂಕುಮದ ಬೆಣೆಗಳನ್ನು ಚೀಲಕ್ಕೆ ಹಾಕುತ್ತ. "ಕೆಳಗಿಂದ ನಿಮ್ಮ ಕೈ ಅಷ್ಟ ಕಾಣತಿತ್ತು. ಬ್ಯಾಡ ಅನ್ನೂದರಾಗ ಕೊಟ್ಟಬಿಟ್ರಿ."

ಕಲ್ಯಾಣ ಲೋಕಲ್‌ನ ನೂಕುನುಗ್ಗಲಿನಲ್ಲಿ ಯಾರಾದರೂ ನನ್ನ ಮೇಲೆ ವಾಲಿದರೆ ಇಂದಿಗೂ ಭುಜ ತಾನಾಗಿ ಎದುರು ಒತ್ತುತ್ತದೆ. ಜನ ಬೈಯುತ್ತಾರೆ. ನನ್ನ ಕಣ್ಣು ಅವರ ಕಾಲುಗಳ ಮೇಲಿರುತ್ತದೆ.