ಹಸಿ ಬಣ್ಣದ ಮೇಲೆ ಭಂಡಾರ

ಚಿತ್ರ ಕೆಡಿಸಿದ್ದು ನಾನೇ. ನನ್ನ ಮರ್ಯಾದೆ ಉಳಿಸಲು ಮನೆಯವರು ತಪ್ಪನ್ನು ಗಾಳಿಯ ಮೇಲೆ ಹಾಕುತ್ತಿದ್ದಾರೆ. ಗಾಳಿ ಅರಿಶಿನ ಎಲ್ಲಿಂದ ತಂದೀತು?

ಮೊಮ್ಮಗಳು ರೇಣುಕಾ ಗುಡ್ಡದ ಚಿತ್ರ ಬರೆಯುವವಳು. ಮನೆಯೊಳಗೆ ಕೂತಲ್ಲ. ಗುಡೇಕೋಟೆ ಗುಡ್ಡದ ಎದುರಿಗೇ ಮೂರು ಕಾಲಿನ ಸ್ಟ್ಯಾಂಡ್ ಊರಿ, ಬಿಸಿಲು ಬಿದ್ದ ಹಾಗೆ ಬರೆಯುತ್ತಾಳೆ. ಅದೇ ಅವಳ ಕೆಲಸ. (ಕೆಲಸ ಎನ್ನಲು ನನಗೆ ನಾಲ್ಕು ವರ್ಷ ಬೇಕಾಯಿತು.)

"ಫೋಟೋ ಹೊಡ್ಕಂಡು ಬಂದು ನೆಳ್ಳಾಗ ಕುಂತು ಬರಿಯಲೇ" ಅಂದರೆ, "ಫೋಟೋದಾಗ ಬಿಸಿಲು ಸತ್ತಿರ್ತೈತಜ್ಜಿ" ಅನ್ನುತ್ತಾಳೆ.

ಹೊಸಪೇಟೆಯಲ್ಲಿ ಒಂದು ಪ್ರದರ್ಶನ. ಚಿತ್ರ ಆಯ್ಕೆಯಾದರೆ ವರ್ಷವಿಡೀ ಊರೂರು ತಿರುಗಿ ಬರೆಯುವ ಚಾನ್ಸು. ಆಗದಿದ್ದರೆ ಶಾಲೆಯಲ್ಲಿ ಡ್ರಾಯಿಂಗ್ ಟೀಚರ್ ಆಗುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದಳು. ಚಿತ್ರ ಕೊಡಲು ಉಳಿದದ್ದು ಒಂದೇ ದಿನ.

ಮುಗಿಸಿ ತಂದು ಕಟ್ಟೆಯ ಮೇಲೆ ಆರಲು ಇಟ್ಟಳು. ನೋಡಿದೆ. ನಮ್ಮದೇ ಗುಡ್ಡ. ಬುಡದಲ್ಲಿ ನಮ್ಮ ಮೈಲಾರಲಿಂಗನ ಕಲ್ಲು, ಅದರ ಮೇಲೆ ಎಳೆ ಬಿಸಿಲು. ದೇವರು ಕಂಡ ಮೇಲೆ ಕುರಿ ಕಾಯುವವರ ಕೈ ಸುಮ್ಮನಿರುತ್ತದೆಯೇ? ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಭಂಡಾರ ಎರಚಿಬಿಟ್ಟೆ. ಅವನಿಗೆ ಎರಚುವ ಅರಿಶಿನದ ಪುಡಿ. ಕೆಳಗೆ ಹಸಿ ಆಯಿಲ್ ಬಣ್ಣ. ಗುಡ್ಡ, ಆಕಾಶ ಎಲ್ಲ ಹಳದಿ. ಒರೆಸಲು ಹೋದೆ, ಇನ್ನೂ ಕೆಟ್ಟಿತು.

"ಏನ್ ಮಾಡಿದ್ಯಜ್ಜಿ?"

"ದೇವ್ರು ಕಂಡ. ಹಾಕಿದೆ."

"ದೇವ್ರು ಅಂತ ಗುರುತು ಹತ್ತಿತಾ?"

"ಹತ್ತದ ಇರ್ತೈತೇನು? ಕಲ್ಲಿನ ಸೀಳು ಸೈತ ಬರ್ದೀಯಲ್ಲ."

ಅಳುತ್ತಾಳೆಂದುಕೊಂಡಿದ್ದೆ. ಅವಳ ಕಣ್ಣು ಮಿಂಚಿದವು. ಹೊಸ ಕ್ಯಾನ್ವಾಸ್ ಎತ್ತಿಕೊಂಡಳು. "ನಾಳಿ ಮುಂಜಾನಿ ಎರಡು ತಾಸು ಸಿಕ್ರ ಮತ್ತ ಬರೀತೀನಿ. ಆದ್ರ ಊರ ಕುರಿ ಬಿಟ್ಟ ಕೂಡ್ಲೇ ಧೂಳೇಳ್ತೈತಿ, ಗುಡ್ಡನ ಕಾಣಂಗಿಲ್ಲ."

ಒಂದು ಕೇಳುತ್ತೇನೆ. ಮಳೆ ಬಂದರೆ ರಾಶಿ ಮುಚ್ಚಲು ಮನೆಮಂದಿಯೆಲ್ಲ ಓಡುತ್ತೇವೆ. ಬಿಸಿಲು ಹಿಡಿಯಲು ಓಡುವ ಹುಡುಗಿಗೆ ಮಾತ್ರ "ಬೇರೆ ಕೆಲಸ ಇಲ್ಲವೇ" ಎನ್ನುತ್ತೇವೆ. ಯಾಕೆ?

ಮರುದಿನ ಸೂರ್ಯ ಹುಟ್ಟುವ ಮೊದಲೇ ಗುಡ್ಡದ ದಾರಿಗೆ ಅಡ್ಡಲಾಗಿ ಕೋಲು ಹಿಡಿದು ನಿಂತೆ. ಎದುರಿಗೆ ಊರ ಕುರಿಯೆಲ್ಲ ಬ್ಯಾ ಬ್ಯಾ ಎನ್ನುತ್ತಿದ್ದವು.

"ಯಾಕತ್ತಿಗಿ, ದಾರಿ ನಿಂದೇನು?" ಎಂದ ಕುರಿ ಹೊಡೆದುಕೊಂಡು ಬಂದಿದ್ದ ಮೈದುನ.

"ಇವತ್ತು ನಂದ" ಎಂದೆ. ದೂರದಲ್ಲಿ ರೇಣುಕಾ ಬ್ರಷ್ ಕೆಳಗಿಟ್ಟು ಕೈ ಎತ್ತುವ ತನಕ ಒಂದು ಮರಿಯನ್ನೂ ದಾಟಗೊಡಲಿಲ್ಲ.